ಬಿ. ಎಲ್. ರೈಸ್

ಬೆಂಜಮಿನ್ ಲೂಯಿಸ್ ರೈಸ್ (17 ಜುಲೈ 1837 – 10 ಜುಲೈ 1927) ಮೈಸೂರು ಸಂಸ್ಥಾನದ ಶಿಕ್ಷಣಾಧಿಕಾರಿ, ಇತಿಹಾಸಕಾರ ಹಾಗೂ ಶಾಸನತಜ್ಞ. ಅಂದಿನ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹೆಸರಿನ 12 ಸಂಪುಟಗಳಲ್ಲಿ ಪ್ರಕಟಿಸಿದವರು. ಕನ್ನಡಿಗರು ಇವರನ್ನು ಶಾಸನಪಿತಾಮಹರೆಂದು ಗೌರವಿಸುತ್ತಾರೆ. ಈ ಮಾಲೆಯ 8ನೆಯ ಸಂಪುಟವು ಸೊರಬ, ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಿಗೆ ಮೀಸಲಾಗಿದ್ದು, ಮಲೆನಾಡಿನ ಇತಿಹಾಸಕ್ಕೆ ಇಂದಿಗೂ ಮೂಲ ಆಕರವಾಗಿದೆ.

ಜನನ ಮತ್ತು ವೃತ್ತಿಜೀವನ

ರೈಸ್ ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳು. ಕನ್ನಡ ಸಾಹಿತ್ಯಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಇವರ ಸಹೋದರರು. ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿದ ರೈಸ್, 1860ರಲ್ಲಿ ಬೆಂಗಳೂರಿಗೆ ಮರಳಿ, ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅನಂತರ ಶಾಲೆಗಳ ತನಿಖಾಧಿಕಾರಿಯಾಗಿ, ಬಳಿಕ ಸಂಸ್ಥಾನದ ವಿದ್ಯಾ ಇಲಾಖೆಯ ನಿರ್ದೇಶಕರಾಗಿ ಸೇವೆ ಸಲ್ಲಿಸಿದರು. ಗ್ರಾಮೀಣ ಮಕ್ಕಳಿಗೆ ಕನ್ನಡದಲ್ಲಿ ಪ್ರಾಥಮಿಕ ಶಿಕ್ಷಣ ದೊರಕಿಸಲು 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸಿದವರು ಇವರೇ. ಮುಂದೆ ಹಂಟರ್ ಶಿಕ್ಷಣ ಆಯೋಗದ ಕೆಲಸದಲ್ಲಿಯೂ ಭಾಗವಹಿಸಿದರು.

ಶಾಲಾ ತನಿಖೆಯ ಪ್ರವಾಸಗಳು ಅವರ ಬದುಕಿಗೆ ಹೊಸ ದಿಕ್ಕನ್ನು ತೋರಿದವು. ಊರೂರಿನ ಗುಡಿಗಳಲ್ಲಿ, ಕೆರೆಯ ಏರಿಗಳಲ್ಲಿ, ಹೊಲಗಳಲ್ಲಿ ನಿಂತಿದ್ದ ಬರಹದ ಕಲ್ಲುಗಳು ಅವರ ಗಮನವನ್ನು ಸೆಳೆದವು.

ಛಾಯಾಚಿತ್ರಗಳಿಂದ ಶಾಸನಗಳಿಗೆ

ರೈಸ್ ಅವರ ಶಾಸನಾಧ್ಯಯನಕ್ಕೆ ತಳಹದಿ ಹಾಕಿದ್ದು ಛಾಯಾಚಿತ್ರಗಳು. 1855ರ ವೇಳೆಗೆ ಈಸ್ಟ್ ಇಂಡಿಯಾ ಕಂಪನಿಯು ಪ್ರಾಚೀನ ಕಟ್ಟಡಗಳನ್ನು ಕೈಯಿಂದ ಚಿತ್ರಿಸುವ ಬದಲು ಕ್ಯಾಮೆರಾದಿಂದ ದಾಖಲಿಸುವುದಕ್ಕೆ ಉತ್ತೇಜನ ನೀಡತೊಡಗಿತ್ತು. ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಥಾಮಸ್ ಬಿಗ್ಸ್, ಅವರ ಬಳಿಕ ಧಾರವಾಡ ಮತ್ತು ಮೈಸೂರು ಸೀಮೆಯಲ್ಲಿ ವೈದ್ಯರಾದ ಪಿಗೂ ಹಾಗೂ ನೀಲ್ ಅವರು ದೇವಾಲಯಗಳ ಚಿತ್ರಗಳನ್ನು ತೆಗೆದರು. ಇವುಗಳ ಆಯ್ಕೆ 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕರೂಪದಲ್ಲಿ ಹೊರಬಂದಿತು. ಇದೇ ಕಾಲದಲ್ಲಿ ಮೇಜರ್ ಡಿಕ್ಸನ್ ಅವರು ಮೈಸೂರು ಸರ್ಕಾರಕ್ಕಾಗಿ ಚಿತ್ರದುರ್ಗ, ಬಳ್ಳಿಗಾವೆ, ಹರಿಹರ ಮುಂತಾದ ಸ್ಥಳಗಳ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದರು.

ಡಿಕ್ಸನ್ ಚಿತ್ರಗಳಲ್ಲಿನ ಹಳಗನ್ನಡ ಲಿಪಿಯನ್ನು ಓದಿ ಅನುವಾದಿಸುವ ಹೊಣೆಯನ್ನು ರೈಸ್ ವಹಿಸಿಕೊಂಡರು. ಅದರ ಫಲವೇ 1879ರಲ್ಲಿ ಪ್ರಕಟವಾದ ಮೈಸೂರು ಶಾಸನಗಳ ಇಂಗ್ಲಿಷ್ ಅನುವಾದಗಳ ಸಂಪುಟ. ಆದರೆ ಚಿತ್ರಕ್ಕೂ ಮಿತಿಯುಂಟು. ಕಲ್ಲಿನ ಒಂದು ಮುಖ, ಒಂದು ಹೊತ್ತಿನ ಬೆಳಕು ಮಾತ್ರ ಅದರಲ್ಲಿ ಸಿಗುತ್ತದೆ. ಸವೆದ ಅಕ್ಷರ, ಮಣ್ಣಿನಲ್ಲಿ ಹೂತ ಸಾಲು ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಊರೂರಿಗೆ ಹೋಗಿ, ಕಲ್ಲಿನ ಎದುರಿನಲ್ಲಿಯೇ ಪ್ರತಿ ತೆಗೆಯುವುದು ಅನಿವಾರ್ಯವಾಯಿತು. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ಬಡಿದು, ಮಸಿ ಸವರಿ ತೆಗೆಯುವ ಅಚ್ಚುಪ್ರತಿಯು ಕ್ಯಾಮೆರಾ ಬಿಟ್ಟದ್ದನ್ನು ಹಿಡಿಯಬಲ್ಲುದು. ಮೊದಲು ಚಿತ್ರಗಳ ನೆರವಿನಿಂದ ಓದಿದ ಬಳ್ಳಿಗಾವೆಯ ಶಾಸನಗಳು 1902ರ 7ನೆಯ ಸಂಪುಟದಲ್ಲಿ ಪೂರ್ಣ ಪಾಠದೊಡನೆ ಮತ್ತೆ ಪ್ರಕಟವಾದವು.

ಎಪಿಗ್ರಾಫಿಯಾ ಕರ್ನಾಟಿಕಾ

ಮೈಸೂರಿನ ಪ್ರಾಚ್ಯವಸ್ತು ಇಲಾಖೆಯು 1885ರಲ್ಲಿ ಆರಂಭವಾಯಿತು. ಅದರ ಹೊಣೆಯನ್ನು ಮೊದಲಿಗೆ ಇತರ ಕೆಲಸಗಳ ಜೊತೆಗೆ ನಿರ್ವಹಿಸಿದ ರೈಸ್, 1890ರಿಂದ ಪೂರ್ಣಾವಧಿ ನಿರ್ದೇಶಕರಾದರು. ಕೊಡಗಿನ ಶಾಸನಗಳ ಮೊದಲ ಸಂಪುಟ 1886ರಲ್ಲಿ, ಶ್ರವಣಬೆಳಗೊಳದ ಸಂಪುಟ 1889ರಲ್ಲಿ ಬಂದವು. ಉಳಿದವು 1894ರಿಂದ 1905ರ ನಡುವೆ ಜಿಲ್ಲಾವಾರು ಹೊರಬಂದವು. ಪ್ರತಿ ಸಂಪುಟದಲ್ಲಿಯೂ ವಿಸ್ತಾರವಾದ ಪೀಠಿಕೆ, ಕನ್ನಡ ಪಾಠ, ರೋಮನ್ ಲಿಪ್ಯಂತರ ಹಾಗೂ ಇಂಗ್ಲಿಷ್ ಅನುವಾದಗಳಿವೆ. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟ ಅವರ ಕ್ರಮವನ್ನೇ ವಿದ್ವಾಂಸರು ಇಂದಿಗೂ ಅನುಸರಿಸುತ್ತಾರೆ. 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದದ್ದು ಅವರ ಮಹತ್ತರ ಶೋಧ.

ಸಾಗರ, ಹೊಸನಗರ, ತೀರ್ಥಹಳ್ಳಿ

1904ರಲ್ಲಿ ಪ್ರಕಟವಾದ 8ನೆಯ ಸಂಪುಟವು ಶಿವಮೊಗ್ಗ ಜಿಲ್ಲೆಯ ಎರಡನೆಯ ಭಾಗ. ಇದನ್ನು ನೋಡುವವರು ಹೊಸನಗರದ ಶಾಸನಗಳನ್ನು ನಗರ ತಾಲ್ಲೂಕಿನ ಹೆಸರಿನಲ್ಲಿ ಹುಡುಕಬೇಕು. ಅಂದಿನ ಆಡಳಿತದಲ್ಲಿ ಅದರ ಹೆಸರು ಹಾಗೆಯೇ ಇತ್ತು. ನಗರ 35 ಎಂಬ ಸಂಖ್ಯೆಯ, 1077ರ ಹೊಂಬುಜದ (ಹುಂಚ) ಶಾಸನವು ಸಾಂತರ ಅರಸರ ವಂಶಾವಳಿಯನ್ನು ತಿಳಿಸುತ್ತದೆ. ಚಟ್ಟಲದೇವಿಯು ಅಗಲಿದ ಬಂಧುಗಳ ಪುಣ್ಯಾರ್ಥವಾಗಿ ಕಟ್ಟಿಸಿದ, ಉರ್ವೀತಿಲಕವೆಂದು ಹೆಸರಾದ ಪಂಚಕೂಟ ಬಸದಿಯ ವೃತ್ತಾಂತ ತಿಳಿದುಬಂದದ್ದೂ ಇದರಿಂದಲೇ.

ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಆಳಿದ ನಾಯಕ ಅರಸರ ಇತಿಹಾಸಕ್ಕೂ ಈ ಸಂಪುಟ ಆಧಾರವಾಯಿತು. ದೇವಾಲಯ, ಮಠ, ಅಗ್ರಹಾರಗಳಿಗೆ ಅವರು ಬಿಟ್ಟ ಭೂಮಿ, ಅದರ ಎಲ್ಲೆ ಮತ್ತು ಹುಟ್ಟುವಳಿಯ ವಿವರಗಳು ಇಲ್ಲಿನ ಶಿಲಾಶಾಸನ, ತಾಮ್ರಶಾಸನಗಳಲ್ಲಿವೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಚಿತ್ರವನ್ನು ಇಂದು ಯಾರು ಬೇಕಾದರೂ ತೆಗೆಯಬಹುದು. ಅದನ್ನು ಕಟ್ಟಿಸಿದ ಅರಸರು ಹೇಗೆ ಆಳಿದರೆಂಬುದನ್ನು ತಿಳಿಯಲು ಈ ಬರಹಗಳನ್ನೇ ಆಶ್ರಯಿಸಬೇಕು.

ಮಲೆನಾಡಿನ ಮಳೆ, ಪಾಚಿಗಳು ಕಲ್ಲಿನ ಅಕ್ಷರಗಳನ್ನು ವರ್ಷವರ್ಷವೂ ಸವೆಸುತ್ತವೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದಲ್ಲಿ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ಊರಿನ ಹೆಸರು ಸಹಿತ ಶಾಸನಗಳನ್ನು ಅದಕ್ಕೂ 60 ವರ್ಷ ಮೊದಲೇ ಅಚ್ಚಿನಲ್ಲಿ ಉಳಿಸಿದ ಈ ಕಾರ್ಯದ ಬೆಲೆ ಆ ಬಳಿಕ ಮತ್ತಷ್ಟು ಹೆಚ್ಚಿತು.

ಇತರ ಕೃತಿಗಳು

ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರನ್ನು ರೈಸ್ 3 ಸಂಪುಟಗಳಲ್ಲಿ (1876–78) ಸಿದ್ಧಪಡಿಸಿದರು. ಮೈಸೂರಿನ ಪರಿಷ್ಕೃತ ಗ್ಯಾಸೆಟಿಯರ್ 1897ರಲ್ಲಿ ಬಂದಿತು. ಓಲೆಗರಿಗಳಲ್ಲಿದ್ದ ಪ್ರಾಚೀನ ಕನ್ನಡ ಕೃತಿಗಳನ್ನು ಮುದ್ರಿಸಲು ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯನ್ನು ಆರಂಭಿಸಿದರು. ನಾಗವರ್ಮನ ಕರ್ಣಾಟಕ ಭಾಷಾಭೂಷಣ, ಭಟ್ಟಾಕಳಂಕನ ಶಬ್ದಾನುಶಾಸನ, ಪಂಪಭಾರತ, ಪಂಪರಾಮಾಯಣಗಳು ಅದರಲ್ಲಿ ಪ್ರಕಟವಾದವು.

ವಿಮರ್ಶೆ, ಕೊನೆಯ ವರ್ಷಗಳು ಮತ್ತು ಪರಂಪರೆ

ರೈಸ್ ಅವರ ಎಲ್ಲ ನಿರ್ಣಯಗಳೂ ನಿಂತಿಲ್ಲ. ಗಂಗರ ಕೆಲವು ತಾಮ್ರಶಾಸನಗಳ ಪ್ರಾಚೀನತೆಯ ಕುರಿತು ಜೆ. ಎಫ್. ಫ್ಲೀಟ್ ಅವರೊಡನೆ ದೀರ್ಘ ವಾದ ನಡೆಯಿತು. ಅವುಗಳಲ್ಲಿ ಹಲವು ಕೂಟಶಾಸನಗಳೆಂಬುದು ಫ್ಲೀಟ್ ಅವರ ನಿಲುವಾಗಿತ್ತು. ಪಾಠಗಳಲ್ಲಿನ ದೋಷಗಳನ್ನು ನಂತರದ ವಿದ್ವಾಂಸರು ತಿದ್ದಿದ್ದಾರೆ. ಆದರೆ ತಿದ್ದಲು ಪಾಠವನ್ನು ಒದಗಿಸಿಕೊಟ್ಟವರು ರೈಸ್ ಅವರೇ ಎಂಬುದನ್ನು ಮರೆಯುವಂತಿಲ್ಲ.

1906ರಲ್ಲಿ ನಿವೃತ್ತರಾಗಿ ಅವರು ಇಂಗ್ಲೆಂಡಿಗೆ ತೆರಳಿದರು. ಇಲಾಖೆಯ ಹೊಣೆಯನ್ನು ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು ವಹಿಸಿಕೊಂಡರು. ತಮ್ಮ ಜೀವನದ ಶೋಧದ ಸಾರವನ್ನು ರೈಸ್ 1909ರಲ್ಲಿ ಶಾಸನಾಧಾರಿತವಾದ ಮೈಸೂರು ಮತ್ತು ಕೊಡಗಿನ ಇತಿಹಾಸವಾಗಿ ಲಂಡನ್ನಿನಿಂದ ಪ್ರಕಟಿಸಿದರು. 1927ರಲ್ಲಿ ಹ್ಯಾರೋದಲ್ಲಿ ನಿಧನರಾದರು. ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಪ್ರಕಟಿಸತೊಡಗಿತು.