ಶಾಂತಿದೂತ ಪಂಡಿತ ಸುಂದರಲಾಲರು



ಯುದ್ಧದಲ್ಲಿ ಗೆದ್ದವರ ಹೆಸರು ಇತಿಹಾಸದಲ್ಲಿ ಉಳಿಯುತ್ತದೆ. ಮಡಿದ ಬಡವರ ಹೆಸರು ಮನೆಯವರ ಕಣ್ಣೀರಿನೊಡನೆ ಮರೆಯಾಗುತ್ತದೆ. ನಮ್ಮ ಸೀಮೆಯಲ್ಲಿ ಹೀಗೆ ಮರೆಯಾದವರ ಲೆಕ್ಕವನ್ನು ಅರಸಿಕೊಂಡು ಬಂದ ಮಹನೀಯರೊಬ್ಬರನ್ನು ಶತಮಾನೋತ್ಸವದ ಈ ಶುಭವೇಳೆಯಲ್ಲಿ ಸ್ಮರಿಸುವುದು ಉಚಿತವೇ ಸರಿ.

ಪಂಡಿತ ಸುಂದರಲಾಲರು 1885ರಲ್ಲಿ ಉತ್ತರ ಪ್ರದೇಶದ ಮುಜಫರ್‌ನಗರ ಜಿಲ್ಲೆಯ ಖತೌಲಿಯಲ್ಲಿ ಜನಿಸಿದರು. ತಾರುಣ್ಯದಲ್ಲಿಯೇ ಸ್ವಾತಂತ್ರ್ಯ ಸಂಗ್ರಾಮಕ್ಕೆ ಧುಮುಕಿ, ಅಲಹಾಬಾದಿನಲ್ಲಿ ‘ಕರ್ಮಯೋಗಿ’ ಪತ್ರಿಕೆಯನ್ನು ನಡೆಸಿದರು. ಮುಂದೆ ಗಾಂಧೀಜಿಯವರ ಅನುಯಾಯಿಗಳಾಗಿ ಹಲವು ಬಾರಿ ಸೆರೆವಾಸ ಅನುಭವಿಸಿದರು. ಆಂಗ್ಲರ ಆಳ್ವಿಕೆಯನ್ನು ಕುರಿತು ಅವರು ಹಿಂದಿಯಲ್ಲಿ ರಚಿಸಿದ ಬೃಹದ್ಗ್ರಂಥವು 1929ರಲ್ಲಿ ಪ್ರಕಟವಾದ ಕೆಲವೇ ದಿನಗಳಲ್ಲಿ ಮುಟ್ಟುಗೋಲಿಗೆ ಒಳಗಾಯಿತು. ಗೀತೆ ಮತ್ತು ಕುರಾನುಗಳನ್ನು ಒಟ್ಟಿಗೆ ಅಧ್ಯಯನ ಮಾಡಿ ಗ್ರಂಥ ಬರೆದ ಅವರು ಹಿಂದೂ–ಮುಸ್ಲಿಂ ಸೌಹಾರ್ದವನ್ನೇ ಬಾಳಿನ ವ್ರತವಾಗಿ ಸ್ವೀಕರಿಸಿದ್ದರು.

ಆ ವ್ರತದ ಅಗ್ನಿಪರೀಕ್ಷೆ ನಡೆದದ್ದು ನಮ್ಮ ಭಾಗದಲ್ಲಿ. 1947ರ ನಂತರವೂ ನಿಜಾಮರ ಹೈದರಾಬಾದ್ ಸಂಸ್ಥಾನವು ಭಾರತದೊಡನೆ ಸೇರದೆ ಉಳಿಯಿತು. ಗುಲ್ಬರ್ಗವೆಂದು ಕರೆಯಲಾಗುತ್ತಿದ್ದ ನಮ್ಮ ಜಿಲ್ಲೆಯೂ ಆ ಸಂಸ್ಥಾನಕ್ಕೆ ಸೇರಿತ್ತು. ರಜಾಕಾರರೆಂಬ ಪಡೆ ಹಳ್ಳಿಗಳನ್ನು ಸುಲಿಯಿತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಅನೇಕ ನಿರಪರಾಧಿಗಳು ಹತರಾದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಪ್ರವೇಶಿಸಿತು. ಕಲಬುರಗಿಯಿಂದ ಕಮಲಾಪುರದ ಮೂಲಕ ಸಾಗುವ ದಾರಿ ಹುಮನಾಬಾದಿನಲ್ಲಿ ಸೊಲ್ಲಾಪುರದ ಹೆದ್ದಾರಿಯನ್ನು ಸೇರುತ್ತದಷ್ಟೆ. ಆ ಹೆದ್ದಾರಿಯಲ್ಲಿಯೇ ಸೇನೆಯ ಮುಖ್ಯ ಪಡೆ ಹೈದರಾಬಾದಿನತ್ತ ನಡೆಯಿತು. 17ರಂದು ನಿಜಾಮರು ಶರಣಾದರು.

ಯುದ್ಧ ಐದೇ ದಿನಗಳಲ್ಲಿ ಮುಗಿಯಿತಾದರೂ ಸಾವು ಮುಗಿಯಲಿಲ್ಲ. ರಜಾಕಾರರ ಪಾಪಕ್ಕೆ, ಅವರೊಡನೆ ಸಂಬಂಧವೇ ಇಲ್ಲದ ಸಾಮಾನ್ಯ ಮುಸ್ಲಿಮರು ಬಲಿಯಾದರು. ಭಾರತ ಸರ್ಕಾರದ ಕೋರಿಕೆಯಂತೆ ಸುಂದರಲಾಲರು ಕಾಜಿ ಅಬ್ದುಲ್ ಗಫಾರ್ ಮುಂತಾದವರೊಡನೆ ನವೆಂಬರ್ 29ರಿಂದ ಸಂಚಾರ ಕೈಗೊಂಡರು. ಅರವತ್ತಮೂರರ ವಯಸ್ಸಿನಲ್ಲಿ ಅವರು ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ನ್ನು ಸುತ್ತಿದರು. ತಾವು ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರ ಅಳಲನ್ನು ಆಲಿಸಿದರು.

ಮಡಿದವರು 27,000ದಿಂದ 40,000 ಇರಬಹುದೆಂದು ಸಮಿತಿ ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್. ಕೆಲವೆಡೆ ಸಮವಸ್ತ್ರಧಾರಿಗಳೂ ಈ ಕೃತ್ಯಗಳಲ್ಲಿ ಭಾಗಿಗಳಾದರೆಂದು ಬರೆಯಲು ಅವರು ಅಂಜಲಿಲ್ಲ. ರಜಾಕಾರರ ಅತ್ಯಾಚಾರಗಳನ್ನು ಮರೆಮಾಚಲೂ ಇಲ್ಲ. ಇದೇ ವರದಿಯಲ್ಲಿ ಮತ್ತೊಂದು ಸಂಗತಿಯೂ ಇದೆ: ಹಿಂದೂ ನೇಕಾರರು ತಮ್ಮ ಮುಸ್ಲಿಂ ನೇಕಾರ ಬಾಂಧವರನ್ನು ಕಾಪಾಡಲು ನಿಂತರು, ಕೆಲವರು ಅದಕ್ಕಾಗಿ ಪ್ರಾಣವನ್ನೂ ತೆತ್ತರು. ದ್ವೇಷದ ಕತ್ತಲೆಯಲ್ಲಿಯೂ ನೆರೆಪ್ರೀತಿಯ ದೀಪ ಆರಿರಲಿಲ್ಲ.

ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. 2013ರ ವೇಳೆಗೆ ಅದು ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದಲು ದೊರೆಯುವಂತಾಯಿತು. ಅದನ್ನು ಕಾಣಲು ಪಂಡಿತರು ಇರಲಿಲ್ಲ. ಆದರೂ ಅವರು ಬದುಕಿದ್ದಷ್ಟು ಕಾಲ ಎದೆಗುಂದಲಿಲ್ಲ. 1951ರಲ್ಲಿ ಚೀನಾಕ್ಕೆ ತೆರಳಿದ ಸದ್ಭಾವನಾ ನಿಯೋಗದ ನಾಯಕರಾದರು; ಅಖಿಲ ಭಾರತ ಶಾಂತಿ ಮಂಡಳಿಯ ಅಧ್ಯಕ್ಷರಾಗಿ ದುಡಿದರು. 1981ರಲ್ಲಿ, ತೊಂಬತ್ತೈದು ವರ್ಷಗಳ ತುಂಬುಬಾಳನ್ನು ಬಾಳಿ ಕಾಲವಾದರು.

ಸುಂದರಲಾಲರ ಬದುಕು ನಮಗೆ ಕಲಿಸುವ ಪಾಠವೊಂದೇ. ನಮ್ಮವರ ಸಾವಿಗೆ ಅತ್ತು, ನೆರೆಯವರ ಸಾವಿಗೆ ಕಣ್ಣು ಮುಚ್ಚಿಕೊಂಡರೆ ಅದು ಶಾಂತಿಯಲ್ಲ, ಮುಂದಿನ ಕಲಹದ ಬೀಜ. ಗೋರಟಾದಲ್ಲಿ ಮಡಿದವರೂ, ಸೆಪ್ಟೆಂಬರಿನ ನಂತರ ಮಡಿದವರೂ ಒಬ್ಬ ತಂದೆಯ ಮಕ್ಕಳೇ. ಪ್ರತಿವರ್ಷ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಧ್ವಜ ಏರುವಾಗ ಇಬ್ಬರನ್ನೂ ನೆನೆಯೋಣ. ನವೆಂಬರ್ 2ರಂದು ನಮ್ಮ ಹಿರಿಯರ ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚುವಾಗ, ಸಮಾಧಿಯೂ ಇಲ್ಲದೆ ಹೋದ ಆ ಜನರಿಗಾಗಿ ಒಂದು ಬತ್ತಿಯನ್ನು ಹಚ್ಚೋಣ. ಅವರ ಆತ್ಮಗಳಿಗೆ ನಿತ್ಯಶಾಂತಿಯನ್ನೂ, ನಮ್ಮ ಊರುಕೇರಿಗಳಿಗೆ ಸೌಹಾರ್ದವನ್ನೂ ಶಾಂತಿದಾಯಕನಾದ ಪ್ರಭು ದಯಪಾಲಿಸಲಿ.