ಸವಣೂರಿನ ಇಂಗ್ಲಿಷ್ ಮಾಸ್ತರು

ಗೋಕಾಕ್ ಅಂದ ಕೂಡಲೇ ನಮ್ಮ ಹಾಸ್ಟೆಲಿನ ಅರ್ಧ ಮಂದಿಗೆ ಜಲಪಾತ ನೆನಪಾಗುತ್ತೆ, ಇನ್ನರ್ಧ ಮಂದಿಗೆ ಡಾ. ರಾಜ್‌ಕುಮಾರ್ ಬೀದಿಗಿಳಿದ ಚಳವಳಿ. ಆ ಚಳವಳಿಗೆ ಹೆಸರು ಬಂದದ್ದು ಯಾರಿಂದ ಅಂತ ಕೇಳಿದರೆ ಮಾತ್ರ ಎಲ್ಲರೂ ಮೊಬೈಲ್ ತೆಗೀತಾರೆ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಇಲ್ಲೇ, ನಮ್ಮ ಸವಣೂರಿನಲ್ಲಿ. ಕನ್ನಡವೇ ಮೊದಲ ಭಾಷೆಯಾಗಬೇಕು ಅಂತ ವರದಿ ಕೊಟ್ಟ ಈ ಮನುಷ್ಯ ಬದುಕಿನ ಬಹುಪಾಲು ಇಂಗ್ಲಿಷ್ ಪಾಠ ಹೇಳಿ ಸಂಬಳ ತಗೊಂಡವರು. ಅಷ್ಟೇ ಅಲ್ಲ, ದೇಶದ ಇಂಗ್ಲಿಷ್ ಮಾಸ್ತರುಗಳಿಗೇ ತರಬೇತಿ ಕೊಡುವ ಸಂಸ್ಥೆಯನ್ನು ನಡೆಸಿದವರು. ಈ ಎರಡೂ ಕೆಲಸ ಒಬ್ಬನೇ ಮನುಷ್ಯ ಮಾಡಿದ್ದು ಹೇಗೆ ಅನ್ನೋದೇ ಅವರ ಜೀವನದಲ್ಲಿ ನನಗೆ ಕುತೂಹಲದ ವಿಷಯ.

ಹುಟ್ಟಿದ್ದು 1909ರ ಆಗಸ್ಟ್ 9ರಂದು. ಸವಣೂರು ಆಗ ನವಾಬರ ಪುಟ್ಟ ಸಂಸ್ಥಾನ. ಇವತ್ತು ಆ ಊರಿಗೆ ಹೋದವರು ದೊಡ್ಡಹುಣಸೆ ಮರದ ಮುಂದೆ ನಿಂತು ಸೆಲ್ಫಿ ತಗೊಂಡು, ಖಾರ ಕಟ್ಟಿಸಿಕೊಂಡು ಬರ್ತಾರೆ. ಗೋಕಾಕರು ಅಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ ಓದಿ, ಮುಂದೆ ಧಾರವಾಡದ ಕರ್ನಾಟಕ ಕಾಲೇಜಿಗೆ ಹೋದರು. ಹುಡುಗನಿಗೆ ಇಂಗ್ಲಿಷ್ ಕಾವ್ಯದ ಹುಚ್ಚು, ಬರೀತಿದ್ದದ್ದೂ ಇಂಗ್ಲಿಷಿನಲ್ಲೇ. ಧಾರವಾಡದಲ್ಲಿ ಬೇಂದ್ರೆ ಸಿಕ್ಕರು. ಗೆಳೆಯರ ಗುಂಪಿನ ಸಹವಾಸವಾಯ್ತು, ಪೆನ್ನು ಕನ್ನಡಕ್ಕೆ ತಿರುಗಿತು. ವಿನಾಯಕ ಅನ್ನೋದು ಕಾವ್ಯನಾಮವಾಯ್ತು. ಹಾಗಂತ ಇಂಗ್ಲಿಷನ್ನು ಕೈಬಿಡಲಿಲ್ಲ. 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ, 1938ರಲ್ಲಿ ಫಸ್ಟ್ ಕ್ಲಾಸ್ ತಗೊಂಡು ಬಂದರು. ಹಡಗಿನ ಪ್ರಯಾಣದಿಂದ ಹುಟ್ಟಿದ ಕವಿತೆಗಳು ಸಮುದ್ರ ಗೀತೆಗಳು ಅನ್ನೋ ಸಂಕಲನವಾದವು. ಓದಿದ್ದು ಇಂಗ್ಲಿಷಿಗೆ, ತಂದದ್ದು ಕನ್ನಡಕ್ಕೆ!

ಮುಂದಿನ ಇಪ್ಪತ್ತು ವರ್ಷ ಸಾಂಗ್ಲಿ, ಕೊಲ್ಹಾಪುರ, ಧಾರವಾಡ ಅಂತ ಪ್ರಿನ್ಸಿಪಾಲಗಿರಿ. ಆ ನಡುವೆಯೇ ಕನ್ನಡ ಕಾವ್ಯದಲ್ಲಿ ನವ್ಯ ಅನ್ನೋ ಮಾತನ್ನು ಮುಂದಿಟ್ಟರು, 1958ರ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು.

1959ರಲ್ಲಿ ಹೈದರಾಬಾದಿಗೆ ಹೋದರು. ಹಿಂದಿನ ವರ್ಷವಷ್ಟೇ ಅಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಶುರುವಾಗಿತ್ತು. ಗೋಕಾಕರು 1966ರ ತನಕ ಅದರ ನಿರ್ದೇಶಕರು. ಆ ಕಾಲ ನೆನಪಿಸಿಕೊಳ್ಳಿ. ಸಂವಿಧಾನ ಇಂಗ್ಲಿಷಿಗೆ ಕೊಟ್ಟಿದ್ದ ಹದಿನೈದು ವರ್ಷದ ಗಡುವು 1965ರ ಜನವರಿಗೆ ಮುಗಿಯೋದಿತ್ತು. ಇಂಗ್ಲಿಷ್ ಹೋಗಬೇಕು ಅಂತ ಒಂದು ಕಡೆ ಗದ್ದಲ, ಹೋಗಕೂಡದು ಅಂತ ಮದ್ರಾಸಿನಲ್ಲಿ ಬೆಂಕಿ. ಕೊನೆಗೆ 1963ರ ಕಾನೂನಿನಿಂದ ಅದು ಉಳಕೊಂಡಿತು. ಈ ಗದ್ದಲದ ನಡುವೆ ಗೋಕಾಕರ ಸಂಸ್ಥೆಯ ಮುಂದಿದ್ದ ಪ್ರಶ್ನೆ ತೀರಾ ಸಾದಾ: ಹಳ್ಳಿಯ ಹುಡುಗನಿಗೆ, ಮನೆಯಲ್ಲಿ ಒಂದು ಇಂಗ್ಲಿಷ್ ಶಬ್ದವೂ ಕಿವಿಗೆ ಬೀಳದವನಿಗೆ, ಇದನ್ನು ಕಲಿಸೋದು ಹೇಗೆ?

ಆಗ ಚಾಲ್ತಿಗೆ ಬಂದಿದ್ದ ಉತ್ತರ ಸ್ಟ್ರಕ್ಚರಲ್ ಪದ್ಧತಿ. ವ್ಯಾಕರಣದ ಸೂತ್ರ ಉರು ಹೊಡೆಸಬೇಡಿ. ಆಯ್ದ ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಬಾಯಲ್ಲಿ ಮತ್ತೆ ಮತ್ತೆ ಆಡಿಸಿ. ಪದಗಳನ್ನೂ ಎಣಿಸಿ ಕೊಡಿ. ಢಾಕಾದಲ್ಲಿ ಪಾಠ ಮಾಡಿದ್ದ ಮೈಕೇಲ್ ವೆಸ್ಟ್ 1953ರಲ್ಲಿ ಸುಮಾರು 2000 ಪದಗಳ ಪಟ್ಟಿ ಹೊರತಂದಿದ್ದರು. ಅಷ್ಟು ಬಂದರೆ ನಿತ್ಯದ ಬಹುಪಾಲು ಓದು ಸಾಗುತ್ತೆ ಅನ್ನೋ ಲೆಕ್ಕ. ನಮ್ಮಂಥ ಎಂಜಿನಿಯರಿಂಗ್ ಮಂದಿಗೆ ತುಂಬಾ ಹಿಡಿಸುವ ಲೆಕ್ಕ.

ಆದರೆ ಈ ಲೆಕ್ಕಕ್ಕೆ ಸಿಗದ ಒಂದು ಕಿತಾಪತಿ ಇಂಗ್ಲಿಷಿನಲ್ಲಿದೆ. ಪುಟ್ ಗೊತ್ತು, ಅಪ್ ಗೊತ್ತು, ವಿತ್ ಗೊತ್ತು. ಮೂರೂ ಸೇರಿ ಪುಟ್ ಅಪ್ ವಿತ್ ಆದರೆ ಸಹಿಸಿಕೊಳ್ಳೋದು ಅಂತ ಅರ್ಥ, ಮೂರರಲ್ಲಿ ಯಾವುದರಲ್ಲೂ ಇಲ್ಲದ ಅರ್ಥ! ಪುಟ್ ಆಫ್ ಅಂದರೆ ಮುಂದೂಡೋದು, ಟರ್ನ್ ಡೌನ್ ಅಂದರೆ ಬೇಡ ಅನ್ನೋದು, ಲುಕ್ ಇಂಟು ಅಂದರೆ ವಿಚಾರಿಸೋದು. ಹುಡುಗನ ಪಟ್ಟಿಯಲ್ಲಿ ಪದ ಎರಡೇ ಸಾವಿರ, ಆದರೆ ಗೆಟ್ ಒಂದೇ ಅಪ್, ಆಫ್, ಓವರ್, ಬೈ ಇವುಗಳ ಜೊತೆ ಸೇರಿ ಇಡೀ ಸಂಸಾರ ಹೂಡುತ್ತೆ. ಇದರ ಮೇಲೆ ಜಾಗದ ನಿಯಮ ಬೇರೆ. ಟರ್ನ್ ಆಫ್ ದ ಫ್ಯಾನ್ ಅನ್ನಬಹುದು, ಟರ್ನ್ ದ ಫ್ಯಾನ್ ಆಫ್ ಅಂತಲೂ ಅನ್ನಬಹುದು. ಫ್ಯಾನ್ ಬದಲು ಇಟ್ ಬಂದರೆ ಟರ್ನ್ ಇಟ್ ಆಫ್ ಮಾತ್ರ ಸರಿ. ಲುಕ್ ಆಫ್ಟರ್ ಮಾತ್ರ ತದ್ವಿರುದ್ಧ. ಅದರ ನಡುವೆ ಏನನ್ನೂ ತೂರಿಸೋ ಹಾಗಿಲ್ಲ.

ಬ್ಯಾಡಗಿ, ರಾಣೆಬೆನ್ನೂರಿನ ಕನ್ನಡ ಮೀಡಿಯಂ ಶಾಲೆಗಳಿಂದ ಬಂದ ನಮ್ಮ ಗೆಳೆಯರು ಎಡವೋದು ಇಲ್ಲೇ. ಥರ್ಮೋಡೈನಮಿಕ್ಸ್ ಅನ್ನೋ ಶಬ್ದಕ್ಕೆ ಯಾರೂ ಹೆದರಲ್ಲ. ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ವಾಕ್ ಅಸ್ ಥ್ರೂ ಯುವರ್ ಪ್ರಾಜೆಕ್ಟ್ ಅಂದರೆ ಮಾತ್ರ, ಇವರನ್ನು ಎಲ್ಲಿಗಪ್ಪ ನಡೆಸಿಕೊಂಡು ಹೋಗಲಿ ಅಂತ ಕ್ಷಣ ಹೊತ್ತು ತಲೆ ನಿಂತುಹೋಗುತ್ತೆ.

ತಮಾಷೆ ಏನಂದ್ರೆ, ಈ ಕಿತಾಪತಿ ಕನ್ನಡದಲ್ಲೂ ಇದೆ, ನಮಗೆ ಕಾಣಲ್ಲ ಅಷ್ಟೇ. ನೋಡು, ಕೊಳ್ಳು ಎರಡೂ ಬೇರೆ ಬೇರೆ ಕ್ರಿಯೆ. ಮಗುವನ್ನು ನೋಡಿಕೊಳ್ಳು ಅಂದಾಗ ಲುಕ್ ಆಫ್ಟರ್‌ನ ಅರ್ಥ ಬಂತು, ಅಲ್ಲಿ ಕೊಳ್ಳುವ ವ್ಯಾಪಾರ ಏನೂ ಇಲ್ಲ. ಈಟ್ ಅಪ್‌ನಲ್ಲಿ ಅಪ್ ಮಾಡುವ ಕೆಲಸವನ್ನೇ ತಿಂದುಬಿಡು ಅನ್ನೋದರಲ್ಲಿ ಬಿಡು ಮಾಡುತ್ತೆ: ಪೂರ್ತಿ ಮುಗಿಸು ಅಂತ. ಇಂಗ್ಲಿಷ್ ಕ್ರಿಯಾಪದದ ಹಿಂದೆ ಪುಟ್ಟ ಪದ ಅಂಟಿಸುತ್ತೆ, ನಾವು ಇನ್ನೊಂದು ಕ್ರಿಯಾಪದವನ್ನೇ ಅಂಟಿಸ್ತೀವಿ. ಇನ್ನು ಅವರ ಟರ್ನ್ ಆಫ್ ನಮ್ಮ ಮನೆಗೆ ಬಂದಾಗ ಟರ್ನ್ ಹೊರಗೇ ಉಳೀತು, ಆಫ್ ಒಳಗೆ ಬಂತು. ಲೈಟ್ ಆಫ್ ಮಾಡು, ಸರ್ವರ್ ಡೌನ್ ಐತಿ, ಮೆಣಸಿನಕಾಯಿ ರೇಟು ಡೌನ್ ಆತು. ಸಿಪ್ಪೆ ಬಿಟ್ಟು ತಿರುಳು ತಗೊಂಡ ಹಾಗೆ.

ಸ್ವಂತ ಭಾಷೆಯಲ್ಲಿ ಇಂಥ ಜೋಡಣೆ ಕಂಡವನಿಗೆ ಇನ್ನೊಂದು ಭಾಷೆಯ ಜೋಡಣೆ ಅಷ್ಟು ಪರಕೀಯ ಅನ್ನಿಸಲ್ಲ. ಗೋಕಾಕರ ಎರಡು ಕೆಲಸಗಳನ್ನು ನಾನು ಓದಿಕೊಳ್ಳೋದು ಹೀಗೆ. 1964ರಲ್ಲಿ ಭಾರತದಲ್ಲಿ ಇಂಗ್ಲಿಷಿನ ಇಂದು ಮುಂದಿನ ಬಗ್ಗೆ ಇಂಗ್ಲಿಷಿನಲ್ಲೇ ಪುಸ್ತಕ ಬರೆದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1980ರಲ್ಲಿ ಸರ್ಕಾರ ಅವರನ್ನೇ ಭಾಷಾ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿತು. ಆಗ ಹೈಸ್ಕೂಲಿನಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತಗೊಂಡು, ಕನ್ನಡ ಓದದೆಯೇ ದಾಟಿಹೋಗುವ ದಾರಿ ಇತ್ತು. ಸಮಿತಿ 1981ರಲ್ಲಿ ಕೊಟ್ಟ ವರದಿ ಕನ್ನಡವೊಂದೇ ಪ್ರಥಮ ಭಾಷೆ, ಅದಕ್ಕೆ 150 ಅಂಕ ಅಂತು. ಗುಂಡೂರಾವ್ ಸರ್ಕಾರ ಹಿಂದೆಮುಂದೆ ನೋಡಿತು, ಜನ ಬೀದಿಗೆ ಬಂದರು, ಉಳಿದದ್ದು ಎಲ್ಲರಿಗೂ ಗೊತ್ತು.

ಇಂಗ್ಲಿಷ್ ಉಂಡವರು ಇಂಗ್ಲಿಷಿಗೇ ಎದುರು ನಿಂತರು ಅಂತ ಇದನ್ನು ನೋಡೋದು ತಪ್ಪು. ವರದಿಯ ಜಗಳ ಇಂಗ್ಲಿಷಿನ ಜೊತೆಗಲ್ಲ, ಕನ್ನಡವನ್ನು ಹಾರಿಸಿ ಹೋಗುವ ಅನುಕೂಲದ ಜೊತೆಗೆ. ಹೈದರಾಬಾದಿನಲ್ಲಿ ಏಳು ವರ್ಷ ಪರಭಾಷೆ ತಲೆಗೆ ಇಳಿಯುವ ಬಗೆಯನ್ನು ಹತ್ತಿರದಿಂದ ಕಂಡಿದ್ದ ಮನುಷ್ಯ, ಮೊದಲು ನೆಲ ಗಟ್ಟಿ ಇರಲಿ ಅಂದದ್ದರಲ್ಲಿ ನನಗಂತೂ ವಿರೋಧ ಕಾಣಿಸಲ್ಲ. ಒಪ್ಪದವರು ಮುಂದಿನ ಸಂಚಿಕೆಗೆ ಬರೀರಿ.

ಭಾರತ ಸಿಂಧು ರಶ್ಮಿ ಮಹಾಕಾವ್ಯದ ಗೋಕಾಕರಿಗೆ 1990ನೇ ಸಾಲಿನ ಜ್ಞಾನಪೀಠ ಬಂತು. 1992ರ ಏಪ್ರಿಲ್ 28ರಂದು ಮುಂಬೈಯಲ್ಲಿ ತೀರಿಕೊಂಡರು. ಹೈದರಾಬಾದಿನ ಸಂಸ್ಥೆ ಫ್ರೆಂಚ್, ಜರ್ಮನ್, ರಷ್ಯನ್ ಭಾಷೆಗಳನ್ನೂ ಸೇರಿಸಿಕೊಂಡು ಬೆಳೆದು, ಈಗ ಕೇಂದ್ರೀಯ ವಿಶ್ವವಿದ್ಯಾಲಯವಾಗಿದೆ. ಸವಣೂರು 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹೊಸ ಹಾವೇರಿ ಜಿಲ್ಲೆಗೆ ಸೇರಿತು. ತಾವು ಹಾವೇರಿ ಜಿಲ್ಲೆಯವರು ಅನ್ನೋದು ಗೋಕಾಕರಿಗೆ ಗೊತ್ತಾಗಲೇ ಇಲ್ಲ.