ಬೆಕ್ಕಿನ ಕಿಂಡಿ ಮತ್ತು ಸರ್ ಐಸಾಕ್ ನ್ಯೂಟನ್



ನ್ಯೂಟನ್ ಅಂದಕೂಡಲೇ ಎಲ್ಲರಿಗೂ ಸೇಬು ಹಣ್ಣು ನೆನಪಾಗುತ್ತದೆ. ನನಗೆ ಮಾತ್ರ ಬೆಕ್ಕು ನೆನಪಾಗ್ತದ. ಯಾಕಂದರೆ ಈ ಬೇಸಿಗೆಯಲ್ಲಿ ನಮ್ಮ ಮನೆಯ ಹಿತ್ತಲ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದಾಗ ಬೆಕ್ಕು ಬಂದು ಹೋಗುವ ಹಳೇ ಕಿಂಡಿ ಮುಚ್ಚಿ ಹೋಯಿತು. ಆ ಸುದ್ದಿ ಕೊನೆಗೆ ಹೇಳುತ್ತೇನೆ. ಮೊದಲು ನ್ಯೂಟನ್ನರ ಜೀವನ ತಿಳಿಯೋಣ.

ನ್ಯೂಟನ್ನರು ಇಂಗ್ಲೆಂಡಿನ ವೂಲ್ಸ್‌ಥಾರ್ಪ್ ಎಂಬ ಸಣ್ಣ ಹಳ್ಳಿಯಲ್ಲಿ, ಆಗಿನ ಅಲ್ಲಿಯ ಪಂಚಾಂಗದ ಪ್ರಕಾರ 1642ರ ಡಿಸೆಂಬರ್ 25ರಂದು ಹುಟ್ಟಿದರು. ಅವರು ಹುಟ್ಟುವ ಮೂರು ತಿಂಗಳು ಮೊದಲೇ ತಂದೆ ತೀರಿಕೊಂಡಿದ್ದರು. ಮೂರು ವರ್ಷದವರಿದ್ದಾಗ ತಾಯಿ ಇನ್ನೊಂದು ಮದುವೆಯಾಗಿ ಹೋದರು. ಅಜ್ಜಿಯೇ ಅವರನ್ನು ಬೆಳೆಸಿದಳು.

ಗ್ರಾಂಥಮ್ ಎಂಬ ಊರಿನ ಶಾಲೆಗೆ ಹೋಗುವಾಗ ಔಷಧ ಮಾರುವವರೊಬ್ಬರ ಮನೆಯಲ್ಲಿ ಇದ್ದರು. ಅಲ್ಲಿ ಅವರು ಒಂದು ಆಟದ ಗಾಳಿಗಿರಣಿ ಮಾಡಿ, ಅದರೊಳಗ ಒಂದು ಇಲಿ ಬಿಟ್ಟು ತಿರುಗಿಸಿದರಂತೆ! ಮುಂದೆ ತಾಯಿ ಶಾಲೆ ಬಿಡಿಸಿ ಹೊಲ ನೋಡಿಕೊಳ್ಳಲು ಹಚ್ಚಿದರು. ಅವರಿಗೆ ಒಕ್ಕಲುತನದ ಕಡೆ ಮನಸ್ಸು ಹೋಗಲಿಲ್ಲ. ಆಗ ಅವರ ಸೋದರಮಾವ ಮತ್ತು ಶಾಲೆಯ ಗುರುಗಳು ತಾಯಿಗೆ ತಿಳಿಸಿ ಹೇಳಿ ಮತ್ತೆ ಓದಲು ಕಳಿಸಿದರು. ಆ ಗುರುಗಳು ಇರದಿದ್ದರೆ ನಾವು ಇವತ್ತು ನ್ಯೂಟನ್ನರ ಹೆಸರೇ ಕೇಳುತ್ತಿರಲಿಲ್ಲವೇನೋ. 1661ರಲ್ಲಿ ಅವರು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದರು.

1665ರಲ್ಲಿ ಪ್ಲೇಗು ಬಂತು. 2020ರಲ್ಲಿ ಕೊರೊನಾ ಬಂದಾಗ ನಮ್ಮ ಶಾಲೆ ಮುಚ್ಚಿದ ಹಾಗೆ ಕೇಂಬ್ರಿಜ್ ಕೂಡ ಮುಚ್ಚಿತು. ನ್ಯೂಟನ್ನರು ಊರಿಗೆ ಬಂದರು, ಸುಮ್ಮನೆ ಕೂಡಲಿಲ್ಲ. ಆ ದಿನಗಳಲ್ಲೇ ಗಣಿತ, ಬೆಳಕು, ಗುರುತ್ವಾಕರ್ಷಣೆ ಇವುಗಳ ಬಗ್ಗೆ ಬಹಳ ವಿಚಾರ ಮಾಡಿದರು.

ಅವರು ಒಂದು ಕೋಣೆಯನ್ನು ಕತ್ತಲು ಮಾಡಿ, ಕಿಟಕಿಯ ಹಲಗೆಗೆ ಸಣ್ಣ ತೂತು ಹಾಕಿದರು. ಅದರೊಳಗಿಂದ ಬಂದ ಬಿಸಿಲಿಗೆ ಗಾಜಿನ ಪಟ್ಟಕ ಹಿಡಿದರು. ಎದುರಿನ ಗೋಡೆ ಮೇಲೆ ಬಣ್ಣಗಳು ಬಿದ್ದವು. ಪಟ್ಟಕವೇ ಬಣ್ಣ ಹಚ್ಚುತ್ತದೆ ಅಂತ ಆಗ ಬಹಳ ಜನ ತಿಳಿದಿದ್ದರು. ಬಿಳಿ ಬೆಳಕಿನೊಳಗೇ ಎಲ್ಲ ಬಣ್ಣ ಇವೆ ಅಂತ ನ್ಯೂಟನ್ನರು ಪರೀಕ್ಷೆ ಮಾಡಿ ತೋರಿಸಿದರು. ನೀವೂ ಮಾಡಿ ನೋಡಿರಿ. ನಾನು ನಮ್ಮ ಮಾಳಿಗೆ ಮನೆಯ ಬೆಳಕಿಂಡಿ ಕೆಳಗೆ ತಾಟಿನಲ್ಲಿ ನೀರು ಹಾಕಿ, ಅದರಲ್ಲಿ ಕನ್ನಡಿ ಓರೆ ಇಟ್ಟೆ. ಗೋಡೆ ಮೇಲೆ ಕಾಮನಬಿಲ್ಲು ಬಂತು!

1668ರಲ್ಲಿ ಅವರು ಕನ್ನಡಿ ಇರುವ ದೂರದರ್ಶಕ ಮಾಡಿದರು. 1687ರಲ್ಲಿ ಪ್ರಿನ್ಸಿಪಿಯಾ ಎಂಬ ಗ್ರಂಥ ಪ್ರಕಟಿಸಿದರು. ನಾವು ಓದುವ ಚಲನೆಯ ಮೂರು ನಿಯಮ ಅದರಲ್ಲಿವೆ. 1705ರಲ್ಲಿ ರಾಣಿ ಆನ್ ಅವರಿಗೆ ಸರ್ ಪದವಿ ಕೊಟ್ಟರು. 1727ರಲ್ಲಿ 84ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇನ್ನು ಬೆಕ್ಕಿನ ಕಥೆ. ನ್ಯೂಟನ್ನರು ಬೆಕ್ಕು ಬರಲಿ ಅಂತ ಬಾಗಿಲಿಗೆ ದೊಡ್ಡ ಕಿಂಡಿ ಮಾಡಿಸಿದರಂತೆ. ಅದು ಮರಿ ಹಾಕಿದ ಮೇಲೆ ಮರಿಗೆ ಅಂತ ಬಾಜೂಕ ಸಣ್ಣ ಕಿಂಡಿ ಮಾಡಿಸಿದರಂತೆ. ದೊಡ್ಡದರೊಳಗೇ ಮರಿಯೂ ಬರ್ತದ ಅನ್ನೋದು ಅಷ್ಟು ಶಾಣ್ಯಾರಿಗೆ ಹೊಳೀಲಿಲ್ಲಂತ! ವರ್ಗದಲ್ಲಿ ಇದನ್ನು ಕೇಳಿ ನಾವೆಲ್ಲ ನಕ್ಕೆವು. ಆದರೆ ಈ ಕಥೆಯನ್ನು ರೈಟ್ ಎಂಬುವರು ಬರೆದದ್ದು 1827ರಲ್ಲಿ, ನ್ಯೂಟನ್ನರು ಸತ್ತು 100 ವರ್ಷದ ಮೇಲೆ. ಬಾಗಿಲಲ್ಲಿ ಮುಚ್ಚಿದ ಎರಡು ತೂತು ಇವೆ, ಕಥೆ ಖರೇನೋ ಸುಳ್ಳೋ ಏನೇ ಇರಲಿ ಅಂತ ಅವರೇ ಬರೆದಿದ್ದಾರೆ. ನ್ಯೂಟನ್ನರ ಹತ್ತಿರ ಸುಮಾರು 5 ವರ್ಷ ಇದ್ದ ಸಹಾಯಕ ಹಂಫ್ರಿ ಅವರು, ನ್ಯೂಟನ್ನರು ಕೋಣೆಯಲ್ಲಿ ನಾಯಿ ಬೆಕ್ಕು ಏನೂ ಸಾಕಿರಲಿಲ್ಲ ಅಂತ ತಿಳಿಸಿದ್ದಾರೆ. ಅಂದಮೇಲೆ ಬೆಕ್ಕಿನ ಕಿಂಡಿ ಬರೀ ಕಥೆ ಇರಬಹುದು. ಬೆಳಕಿನ ತೂತು ಮಾತ್ರ ಖರೇ. ಅದನ್ನು 1672ರಲ್ಲಿ ಅವರೇ ಬರೆದಿದ್ದಾರೆ.

ಈಗ ನಮ್ಮ ಮನೆಯ ಸುದ್ದಿ. ಕಿಂಡಿ ಮುಚ್ಚಿದ ದಿನ ಬೆಕ್ಕು ಹೊರಗಿತ್ತು, ಮೂರು ಮರಿ ಒಳಗೆ ಅಟ್ಟದ ಮೇಲಿದ್ದವು. ರಾತ್ರಿ ಬೆಕ್ಕು ಒದರಿತು. ಬಾಗಿಲು ತೆಗೆದರೆ ಒಳಗೆ ಬಂದು ಒಂದೊಂದೇ ಮರಿ ಕಚ್ಚಿಕೊಂಡು ಹೋಗಿಬಿಟ್ಟಿತು. ವಾರ ತುಂಬುವುದರೊಳಗ ಇಲಿಗಳು ಎರಡು ಚೀಲ ಜ್ವಾಳ ಕಡಿದು ಚೆಲ್ಲಿದವು. ಅಪ್ಪ ಗೌಂಡಿಯವರನ್ನು ಮತ್ತೆ ಕರೆಸಿದರು. ಮಳೆ ನೀರು ಒಳಗೆ ಬರಬಾರದಂತ ನೆಲದಿಂದ ನಾಲ್ಕು ಬೆರಳು ಮೇಲೆ, ಒಂದು ಗೇಣು ಅಗಲ, ಒಂದು ಗೇಣು ಎತ್ತರ ಕಿಂಡಿ ಕೊರೆದರು. ಅಮ್ಮ ಅದಕ್ಕೆ ಗೋಣಿಚೀಲದ ತುಂಡು ಇಳಿಬಿಟ್ಟಳು. ಮರಿಗೆ ಇನ್ನೊಂದು ಬೇಕೇನು ಅಂತ ನಾನು ಕೇಳಿ, ನ್ಯೂಟನ್ನರ ಕಥೆ ಹೇಳಿದೆ. ಗೌಂಡಿಯವರು ಹೊಟ್ಟೆ ಹಿಡಕೊಂಡು ನಕ್ಕರು.

ಮೂರು ದಿನ ಆದ ಮೇಲೆ ಬೆಕ್ಕು ಬಂತು. ಅದರ ಹಿಂದೆ ಅದೇ ಕಿಂಡಿಯೊಳಗಿಂದ ಎರಡು ಮರಿ ಬಂದವು. ಮೂರನೇದು ಬರಲಿಲ್ಲ. ನಾನು ಹಿತ್ತಲೆಲ್ಲ ಹುಡುಕಿದೆ, ಸಿಗಲಿಲ್ಲ.

ಗೆಳೆಯರೇ, ದೊಡ್ಡವರ ಬಗ್ಗೆ ಕೇಳಿದ ಕಥೆಯನ್ನು ನ್ಯೂಟನ್ನರ ಹಾಗೆ ನಾವೂ ಪರೀಕ್ಷೆ ಮಾಡಿ ನಂಬೋಣ. ಮನೆಗೆ ಗಿಲಾವು ಮಾಡಿಸುವಾಗ ಕಿಂಡಿ ಮುಚ್ಚುವ ಮೊದಲು ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ ಅಂತ ನೋಡೋಣ.

— 7ನೇ ತರಗತಿ